ಚಕ್ಕರಕ್ಕೊಲ್ಲಿ

ಬ್ಯಾಂಕಿನವರು ಮಂಗಳೂರಿನಿಂದ ತಿರುವನಂತಪುರಕ್ಕೆ ವರ್ಗ ಮಾಡಿದ ವರ್ಷವೇ ಕಮಲಾಕ್ಷರಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅಲ್ಲೇ ಉಳ್ಳೂರಿನ ಡಾಕ್ಟರು ಮಾತ್ರೆ ಕೊಟ್ಟರು. ಅದು ಸಾಲದೆಂದು, ಯಾರದೋ ಮಾತು ಕೇಳಿ, ಚಾಲೈ ಪೇಟೆಯಿಂದ ಒಂದು ಒಣ ಎಲೆ ತಂದು ಅಗಿಯತೊಡಗಿದರು. ನಮ್ಮಲ್ಲಿ ಮಧುನಾಶಿನಿ ಎನ್ನುವುದನ್ನು ಮಲಯಾಳದವರು ಚಕ್ಕರಕ್ಕೊಲ್ಲಿ ಎನ್ನುತ್ತಾರೆ, ಸಕ್ಕರೆಯನ್ನು ಕೊಲ್ಲುವುದು ಎಂದರ್ಥ.

"ಇದನ್ನು ಅಗಿದು ಸಕ್ಕರೆ ತಿಂದು ನೋಡು ಮಾರಾಯ್ತಿ. ಬರೀ ಮರಳು!" ಎಂದು ಹೆಂಡತಿ ರಾಜೀವಿಗೂ ಒಂದು ಎಲೆ ಕೊಟ್ಟರು.

ಅವಳು ಅಗಿದು ಪಾಯಸ ಬಾಯಿಗಿಟ್ಟಳು. ಹಾಲಿತ್ತು, ಏಲಕ್ಕಿಯಿತ್ತು, ಸಿಹಿ ಮಾತ್ರ ಇರಲಿಲ್ಲ. ಪಕ್ಕದಲ್ಲಿ ಕೂತವರು ಸದ್ದಿಲ್ಲದೆ ಎದ್ದುಹೋದಂತೆ ಅವಳಿಗೆ ಅನಿಸಿತು. ಮತ್ತೆ ಆ ಎಲೆಯನ್ನು ಮುಟ್ಟಲಿಲ್ಲ.

ರಜೆಯಲ್ಲಿ ಇಬ್ಬರೂ ಫೋರ್ಟ್ ಕೊಚ್ಚಿಗೆ ಹೋಗಿ ಒಂದು ಹಳೆಯ ಮನೆಯಲ್ಲಿ ಕೋಣೆ ಹಿಡಿದರು. ಬೆಳಿಗ್ಗೆ ಕಮಲಾಕ್ಷರು ಎಲೆ ಅಗಿದು ಮಾತ್ರೆ ನುಂಗಿದರು, ತಿಂಡಿಗೆ ಬಂದ ಅಕ್ಕಿಹಿಟ್ಟಿನ ಪುಟ್ಟನ್ನು ಮಾತ್ರ ದೂರ ತಳ್ಳಿದರು. "ಯಾವುದಕ್ಕೂ ರುಚಿಯೇ ಇಲ್ಲ" ಎಂದರು. ಬಿಸಿಲಲ್ಲಿ ಕಡಲದಂಡೆ ಸುತ್ತಿ ಬಂದು, ಊಟಕ್ಕೆ ಮುಂಚೆ ಎಂದು ಮತ್ತೆ ಎಲೆ ಅಗಿದು ಕಿಟಕಿಯ ಬಳಿ ಕೂತರು.

ರಾಜೀವಿ ಸ್ನಾನ ಮುಗಿಸಿ ಬಂದಾಗ ಅವರು ಅವಳನ್ನೇ ನೋಡುತ್ತಿದ್ದರು.

"ನಮಸ್ಕಾರ. ನಿಮಗೆ ಯಾರನ್ನು ಕಾಣಬೇಕಿತ್ತು?"

ಬ್ಯಾಂಕಿನಲ್ಲಿ ಗಿರಾಕಿಗಳನ್ನು ಮಾತಾಡಿಸುವ ಅದೇ ವಿನಯದ ದನಿ.

"ಎಂತ ತಮಾಷೆ ಇದು ನಿಮ್ಮದು?" ಎಂದು ರಾಜೀವಿ ನಕ್ಕಳು. ಅವರು ನಗಲಿಲ್ಲ. ಫ್ಯಾನು ತಿರುಗುತ್ತಿದ್ದರೂ ಅಂಗಿ ಬೆವರಿನಿಂದ ತೊಯ್ದಿತ್ತು.

"ನಿಮ್ಮ ಹಿಂದೆ ನಿಂತವರಿಗೂ ಕೂತುಕೊಳ್ಳಲು ಹೇಳಿ."

ರಾಜೀವಿ ತಿರುಗಿ ನೋಡಿದಳು. ಸುಣ್ಣದ ಗೋಡೆ, ಅಷ್ಟೇ.

ಸಕ್ಕರೆ ತೀರಾ ಇಳಿದರೆ ಹೀಗಾಗುವುದುಂಟು ಎಂದು ಉಳ್ಳೂರಿನ ಡಾಕ್ಟರು ಹೇಳಿದ್ದು ಅವಳಿಗೆ ನೆನಪಾಯಿತು. ಚಹಾಕ್ಕೆಂದು ಇಟ್ಟಿದ್ದ ಸಕ್ಕರೆಯನ್ನೆಲ್ಲ ನೀರಿಗೆ ಸುರಿದು, ಕಲಕಿ, ಗ್ಲಾಸನ್ನು ಅವರ ತುಟಿಗೆ ಹಿಡಿದಳು. ಒಂದು ಗುಟುಕು ಬಾಯಿಗೆ ಹೋದದ್ದೇ, ಅವರು ಉಗಿದುಬಿಟ್ಟರು.

"ಮರಳು. ನನಗೆ ಮರಳು ಕುಡಿಸ್ತಾ ಇದ್ದೀರಿ."

"ಸಕ್ಕರೆ ಇವರೇ, ಸಕ್ಕರೆ! ನಾನು ರಾಜೀವಿ!"

"ರಾಜೀವಿ ಈಗ ಬರ್ತಾಳೆ" ಎಂದರು ಮೆಲ್ಲಗೆ. "ನೀವು ಮಾಡಿದ್ದನ್ನು ಅವಳಿಗೆ ಹೇಳ್ತೇನೆ." ಮತ್ತೆ ಹಲ್ಲು ಕಚ್ಚಿ ಕೂತರು. ಎಷ್ಟು ಬೇಡಿದರೂ ಬಾಯಿ ತೆರೆಯಲಿಲ್ಲ.

ರಾಜೀವಿಯ ಕೂಗು ಕೇಳಿ ಮನೆಯ ಯಜಮಾನ ಓಡಿ ಬಂದು, ಪಕ್ಕದ ಬೀದಿಯ ಡಾಕ್ಟರ್ ಫಾತಿಮಾರನ್ನು ಕರೆತಂದ. ಬೆರಳಿಗೆ ಚುಚ್ಚಿ ನೋಡಿದ ಅವರು ನರಕ್ಕೆ ಗ್ಲೂಕೋಸ್ ಹತ್ತಿಸಿದರು. ಸ್ವಲ್ಪ ಹೊತ್ತಿನಲ್ಲಿ ಕಮಲಾಕ್ಷರ ಕಣ್ಣು ತಿಳಿಯಾಯಿತು.

"ರಾಜೀವಿ, ಊಟಕ್ಕೆ ಹೋಗುವುದಿಲ್ವಾ?"

ಅವಳು ಅಲ್ಲೇ ಕೂತು ಅತ್ತಳು.

ಡಾಕ್ಟರು ಬಿಡಿಸಿ ಹೇಳಿದರು. ಎಲೆಯಲ್ಲಿರುವ ಅಂಶ ನಾಲಿಗೆಯಲ್ಲಿ ಸಿಹಿ ಗುರುತಿಸುವ ಜಾಗವನ್ನು ಕೊಂಚ ಹೊತ್ತು ಮುಚ್ಚಿಬಿಡುತ್ತದೆ, ಅದಕ್ಕೇ ಸಕ್ಕರೆ ಮರಳಾದದ್ದು. ಮಾತ್ರೆ ದೇಹದಲ್ಲಿ ಇನ್ಸುಲಿನ್ ಹೆಚ್ಚಿಸುತ್ತದೆ, ಎಲೆಯೂ ಹಾಗೆ ಮಾಡಬಹುದು. ಮೇಲೆ ಖಾಲಿ ಹೊಟ್ಟೆ, ಬಿಸಿಲು. ಸಕ್ಕರೆ ಸಿಗದ ಮಿದುಳು ಇಲ್ಲದ್ದನ್ನೂ ಕಾಣುತ್ತದೆ. "ಇನ್ನು ಆ ಎಲೆ ಬೇಡ" ಎಂದರು.

ಕಮಲಾಕ್ಷರು ಎಲೆಯ ಪೊಟ್ಟಣವನ್ನು ಅಲ್ಲೇ ಬಿಸಾಡಿದರು. ಮರುದಿನ ತಿರುವನಂತಪುರದ ರೈಲಿನಲ್ಲಿ, ಹಿನ್ನೀರು ದಾಟುವಾಗ, ಇದ್ದಕ್ಕಿದ್ದಂತೆ ಹೇಳಿದರು.

"ನಿನ್ನೆ ಕೋಣೆಯಲ್ಲಿ ನೀನು ಇಬ್ಬರಿದ್ದೆ. ಒಬ್ಬಳ ಕೈಯಲ್ಲಿ ಗ್ಲಾಸಿತ್ತು. ಇನ್ನೊಬ್ಬಳು ಅವಳ ಹಿಂದೆ ನಿಂತು, ಕುಡಿಯಬೇಡಿ ಅಂತ ಸನ್ನೆ ಮಾಡ್ತಾ ಇದ್ದಳು. ಡಾಕ್ಟರು ಬಂದಾಗ ಒಬ್ಬಳು ಬಾಗಿಲು ದಾಟಿ ಹೋದಳು."

"ಯಾವಳು?"

"ಸರಿಯಾಗಿ ಕಾಣಲಿಲ್ಲ." ಅವರು ಅವಳ ಕೈ ಹಿಡಿದು ಮುಖವನ್ನೇ ನೋಡಿದರು. "ಉಳಿದದ್ದು ನೀನೇ ಅಲ್ವಾ?"

ಹೌದು ಎನ್ನುವ ಮೊದಲು ರಾಜೀವಿ ಒಮ್ಮೆ ತನ್ನ ಹಿಂದೆ ತಿರುಗಿ ನೋಡಿದಳು.