ಸಾಹೇಬರ ಕೋಣೆಯ ಲೈನು

"ನೋಡಮ್ಮ, ನನ್ನ ಕೋಣೆಯ ಲೈನೊಂದು ಬಿಟ್ಬಿಡು," ಎಂದರು ಸಾಹೇಬರು, ಸರ್ವರ್ ಕೋಣೆಯ ಬಾಗಿಲಲ್ಲೇ ನಿಂತು. "ಉಳಿದಿದ್ದೆಲ್ಲ ಕಾವಲಲ್ಲಿರ್ಲಿ."

"ಆಯ್ತು ಸಾರ್," ಎಂದಳು ಅವಳು, ತಲೆಯೆತ್ತದೆ.

ಬಿಡುತ್ತಾಳಂತೆ, ಬಿಡುತ್ತಾಳೆ! ಕಚೇರಿಯ ಕಂಪ್ಯೂಟರುಗಳಿಗೆ ಕಾವಲು ಹಾಕುವ ಈ ಗುತ್ತಿಗೆಯನ್ನು ಹಟ ಹಿಡಿದು ಗಿಟ್ಟಿಸಿಕೊಂಡದ್ದಾದರೂ ಯಾಕೆ? ಟೆಂಡರಿನ ಗುಟ್ಟನ್ನು ಹೊರಗೆ ಮಾರಿಕೊಂಡವರು ಇವರು. ಕಳ್ಳಿ ಅನ್ನಿಸಿಕೊಂಡು ಕೆಲಸ ಕಳೆದುಕೊಂಡವಳು ಇವರ ಆಪ್ತ ಸಹಾಯಕಿಯಾಗಿದ್ದ ಅಕ್ಕ. ಅಂದು ಮನೆಯಲ್ಲಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡವಳು ಇವತ್ತಿಗೂ ಊಟಕ್ಕೆ ಕರೆದರೆ ಎದ್ದು ಬರುವುದಿಲ್ಲ. ಎದುರಿಗಿರುವವಳು ಅವಳ ತಂಗಿ ಎಂಬುದು ಈ ಮಹಾನುಭಾವರಿಗೆ ಗೊತ್ತೇ ಇರಲಿಲ್ಲ.

ಲೈನುಗಳಲ್ಲಿ ಓಡಾಡುವುದನ್ನೆಲ್ಲ ಬರೆದಿಡಲು, ಕಾವಲಿಗೆಂದು ತಂದ ಮೂರು ಯಂತ್ರಗಳನ್ನೂ ಒಂದೇ ಗುಂಪಿಗೆ ಸೇರಿಸಿದಳು. ಮೂರನೆಯದರ ಕೇಬಲ್ಲನ್ನು ಸಾಹೇಬರ ಲೈನಿಗೇ ಸಿಕ್ಕಿಸಿದಳು. "ಸಿಕ್ಕಿಹಾಕ್ಕೊಳ್ಳೋ, ನಿನ್ನ ಬಂಡವಾಳ ಬಯಲಾಗ್ಲಿ," ಎಂದು ಹಲ್ಲು ಕಚ್ಚಿ ಗೊಣಗಿಕೊಂಡಳು. ಹೊಟ್ಟೆಯೊಳಗಿನ ಉರಿ ಆಗಲೇ ಸ್ವಲ್ಪ ತಣ್ಣಗಾದಂತಿತ್ತು.

ಯಂತ್ರಗಳು ಒಂದನ್ನೊಂದು ಗುರುತಿಸಿಕೊಂಡವು. ಬೆನ್ನಲ್ಲೇ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬಂತು. ಹೊರಗಿನವರು ಯಾರೋ ಸಾಹೇಬರದೇ ಪಾಸ್‌ವರ್ಡ್ ಹಾಕಿ ಅವರ ಕಂಪ್ಯೂಟರಿನೊಳಗೆ ಕೂತಿದ್ದಾರೆ. 'ಟೆಂಡರ್ ಖಾಸಗಿ' ಎಂಬ ಫೋಲ್ಡರು ಇಡಿಯಾಗಿ ಹೊರಗೆ ಹೋಗುತ್ತಿದೆ. ಎಲ್ಲಿಗೆ ಎಂದು ಅಂಕಿಗಳನ್ನು ಓದಿದಳು. ಮತ್ತೊಮ್ಮೆ ಓದಿದಳು. ಅದು ಅವಳ ಮನೆಯದೇ ಇಂಟರ್ನೆಟ್ ವಿಳಾಸ.

ಅಯ್ಯೋ ಅಕ್ಕಾ, ನಂಗೊಂದು ಮಾತು ಹೇಳ್ಬಾರ್ದಿತ್ತಾ!

ಅಳಿಸಿಬಿಡೋಣವೆಂದರೆ ಈ ಕಳವಿನ ದಾಖಲೆ ಆಗಲೇ ಮೂರೂ ಯಂತ್ರಗಳಲ್ಲಿ ಕೂತಿದೆ. ಒಂದರಲ್ಲಿ ತೆಗೆದರೆ ಉಳಿದೆರಡು ಅದನ್ನು ಮತ್ತೆ ತುಂಬಿಸುತ್ತವೆ. ಹಾಗೆ ಕಟ್ಟಿದವಳು ತಾನೇ. ನಾಳೆ ಪೊಲೀಸರು ಹುಡುಕಿಕೊಂಡು ಬರುವುದು ನೇರ ಅವಳ ಮನೆಗೆ.

"ಏನದು ಕೆಂಪಗೆ?" ಸಾಹೇಬರು ಒಳಗೆ ಬಂದು ಬಗ್ಗಿ ನೋಡಿದರು. ಮುಖ ಬಿಳಿಚಿಕೊಂಡಿತು. "ಅದು ನನ್ನ ಫೋಲ್ಡರು! ಕಟ್ ಮಾಡಮ್ಮ, ಬೇಗ ಕಟ್ ಮಾಡು!"

ಅರ್ಧ ಹೋಗಿತ್ತು, ಇನ್ನರ್ಧ ಹೋಗಬೇಕಿತ್ತು.

"ಮಾಡ್ತೀನಿ ಸಾರ್. ಅವಸರ ಮಾಡಿದ್ರೆ ಎಲ್ಲಾ ಕೆಟ್ಟು ಕೂರುತ್ತೆ," ಎಂದು ಅವಳು ಕುರ್ಚಿಯನ್ನು ಕೇಬಲ್ಲಿಗೂ ಅವರಿಗೂ ನಡುವೆ ಎಳೆದುಕೊಂಡು ಕೂತಳು. ಕನ್ನಡಕ ತೆಗೆದಳು. ಅಂಗಿಯ ತುದಿಯಿಂದ ಒಂದು ಗಾಜನ್ನು ನಿಧಾನವಾಗಿ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಂದನ್ನು ಒರೆಸತೊಡಗಿದಳು.