ಒಗೆಯದ ಅಂಗಿ

"ನೀವೇನು ಕೆಲಸ ಮಾಡ್ತೀರಿ?" ಎನ್ನುತ್ತಾ ಡಾಕ್ಟರಮ್ಮ ಚಿಕ್ಕವನ ತುಟಿ ಸರಿಸಿ ಒಸಡು ನೋಡಿದರು.

ಮಗುವಿನ ಹೊಟ್ಟೆನೋವಿಗೂ ತನ್ನ ಕೆಲಸಕ್ಕೂ ಎತ್ತಣ ಸಂಬಂಧವೋ ಅಪ್ಪನಿಗೆ ಹೊಳೆಯಲಿಲ್ಲ. "ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋದು, ಮೇಡಂ." ಪಾಳಿ ಮುಗಿಸಿ ಅವನು ನೇರವಾಗಿ ಇಲ್ಲಿಗೇ ಬಂದಿದ್ದ. ಮಗ ಅವನ ತೊಡೆಯೇರಿ ಅಂಗಿಗೆ ಕೆನ್ನೆಯೊತ್ತಿ ಕೂತಿದ್ದ.

ಪಕ್ಕದಲ್ಲಿ ಹೆಂಡತಿಗೆ ಒರಗಿ ಕೂತಿದ್ದ ಮಗಳಿಗೆ ನೋವೇನೂ ಇರಲಿಲ್ಲ, ಮಂಕು ಕವಿದಿತ್ತು. ಬಾಯಿ ಮುಚ್ಚದ ಅವಳಿಗೆ ಮನೆಯಲ್ಲಿ 'ರೇಡಿಯೋ' ಎಂದೇ ಹೆಸರು. ಈಗ ಕರೆದರೂ ಓಗೊಡುತ್ತಿರಲಿಲ್ಲ. ಇಬ್ಬರಿಗೂ ಜಂತುಹುಳುವಿನ ಔಷಧಿ ಕುಡಿಸಿದ್ದಾಗಿತ್ತು. ಊಟ ಬಿಟ್ಟಿದ್ದಕ್ಕೆ ಗದರಿದ್ದೂ ಆಗಿತ್ತು. ಮಾಡಿದ್ದು ಸರಿಯೋ ತಪ್ಪೋ ಎಂದು ಗಂಡ ಹೆಂಡತಿಯ ಮುಖ ನೋಡುವುದು, ಹೆಂಡತಿ ಗಂಡನ ಮುಖ ನೋಡುವುದು, ಇದೇ ನಡೆದಿತ್ತು.

"ಕೆಲಸದ ಬಟ್ಟೆ ಮನೆಗೆ ಬರುತ್ತಾ?"

"ಬರದೆ ಏನು ಮೇಡಂ? ಹಾಕ್ಕೊಂಡೇ ಬರ್ತೀನಲ್ಲ."

ಹೆಂಡತಿ ನಕ್ಕಳು. "ಅಯ್ಯೋ, ಆ ಅಂಗಿ ಇಲ್ದಿದ್ರೆ ನಮ್ಮನೇಲಿ ನಿದ್ದೇನೇ ಇಲ್ಲ. ಇವರು ಪಾಳಿಗೆ ಹೋದ್ರೆ ಎರಡೂ ಒಂದೇ ಸಮ ಅಳ್ತವೆ. ಹಿಂದಿನ ದಿನದ ಅಂಗಿ ಕೊಟ್ರೆ ಒಂದೊಂದು ತೋಳು ಹಿಡ್ಕೊಂಡು ಮಲಗ್ತವೆ. ಒಗೆದಿದ್ದು ಆಗಲ್ವಂತೆ, ಅಪ್ಪನ ವಾಸನೆ ಬೇಕಂತೆ. ಹುಷಾರು ತಪ್ಪಿದ ಮೇಲಂತೂ ಹಗಲೂ ಅದೇ. ಇವನು ತೋಳು ಚೀಪಿ ಚೀಪಿ..."

ಡಾಕ್ಟರಮ್ಮನ ಪೆನ್ನು ನಿಂತಿತು.

"ಸೀಸದ ಧೂಳು ಮಕ್ಕಳ ಹೊಟ್ಟೆಗೆ ಹೋದ್ರೆ ವಿಷಾನಪ್ಪ. ಅದೇ ಕಾರಣ ಅಂತ ಈಗಲೇ ಹೇಳಲಾರೆ. ಇಬ್ಬರದೂ ರಕ್ತ ಪರೀಕ್ಷೆ ಆಗಲಿ."

ಅವನು ಕೆಂಡ ತಾಗಿದವನಂತೆ ಎದ್ದು ಮಗನನ್ನು ಹೆಂಡತಿಯ ಕೈಗೆ ತುರುಕಿದ. ಮಗು ಚೀರಿತು.

"ಇವಳು... ಮೊದಲಿನ ಹಾಗೆ ಮಾತಾಡ್ತಾಳಾ ಮೇಡಂ?" ಮಗಳ ಕಡೆ ನೋಡಿ ಕೇಳಿದ.

"ರಿಪೋರ್ಟ್ ಬರಲಿ."

ಪಕ್ಕದ ಕೋಣೆಯಲ್ಲಿ ನರ್ಸು ಸೂಜಿ ಸಿದ್ಧಮಾಡಿದಳು. ಮಗ ಅಮ್ಮನ ಕೈಯಲ್ಲಿ ನಿಲ್ಲದೆ "ಅಪ್ಪಾ" ಎಂದು ಕೊಸರಾಡುತ್ತಿದ್ದ. ಅಪ್ಪ ತನ್ನ ಅಂಗಿ ಬಿಚ್ಚಿ, ಒಳಹೊರಗು ಮಾಡಿ ಸುತ್ತಿ, ಬಾಗಿಲಾಚೆ ಇಟ್ಟು ಬಂದ.

"ಸೂಜಿ ಮಗೂಗೆ ಕಣಪ್ಪ, ನೀನ್ಯಾಕೆ ಬಿಚ್ಚಿದೆ?" ಎಂದಳು ನರ್ಸು. ಯಾರೂ ನಗಲಿಲ್ಲ.

ಅವನು ನಲ್ಲಿಯ ಕೆಳಗೆ ಮೊಣಕೈವರೆಗೂ ತೊಳೆದ. ಕತ್ತು, ಎದೆ, ಉಗುರಿನ ಸಂದು ಉಜ್ಜಿದ. ಮತ್ತೆ ಸೋಪು ಹಚ್ಚಿದ.

"ಸಾಕೇನೇ?"

"ನಂಗೇನು ಗೊತ್ತು ರೀ," ಎಂದಳು ಹೆಂಡತಿ.

"ಬನ್ನಿ ಬನ್ನಿ, ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದು ನರ್ಸು ಅವಸರಿಸಿದಳು.

ನೀರು ತೊಟ್ಟಿಕ್ಕುವ ಕೈಯಲ್ಲೇ ಅವನು ಮಗನನ್ನು ಎತ್ತಿಕೊಂಡ. ಮಗು ಬಿಕ್ಕುತ್ತಾ ಅವನ ಹೆಗಲಿಗೆ ಮೂಗು ಒತ್ತಿತು. ತಟ್ಟನೆ ಅಳು ನಿಲ್ಲಿಸಿ, ತಲೆ ಹಿಂದಕ್ಕೆಳೆದು, ಅವನ ಮುಖವನ್ನೇ ದಿಟ್ಟಿಸಿ ನೋಡತೊಡಗಿತು.