ಹಿಮ್ಮಡಿಯ ಕಂದು

"ಹತ್ತೊಂಬತ್ತು," ಅಂದರು ಪ್ರೇಮಾನಂದ ಡಾಕ್ಟರು, ರಕ್ತ ಪರೀಕ್ಷೆಯ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು. "ಎಂಟರೊಳಗೆ ಇರ್ಬೇಕು. ನಾನು ಎರಡೋ ಮೂರೋ ಬರ್ತದೆ ಅಂದ್ಕೊಂಡಿದ್ದೆ."

ಗುಲಾಬಿ ಅವರ ಮುಖ ನೋಡಿದಳು. ತನ್ನ ರಕ್ತವೂ ತನ್ನ ಪರ ಸಾಕ್ಷಿ ಹೇಳಲಿಲ್ಲ ಎಂದು ತಿಳಿಯಿತು.

ಎರಡು ವರ್ಷದಿಂದ ಅವಳಿಗೆ ಬರೀ ನಿದ್ದೆ, ಚಳಿ. ಸೆಕೆಗಾಲದಲ್ಲೂ ಕಂಬಳಿ ಬೇಕು. ಮುಖ ಊದಿತ್ತು, ದನಿ ಗಂಡಸರದ್ದಾಗಿತ್ತು. ಮೀನಿನ ಬುಟ್ಟಿ ಹೊತ್ತು ಅವಳು ಕೋಡಿಯ ಕಡಲ ದಂಡೆಯಿಂದ ಕುಂದಾಪುರ ಪೇಟೆ ಮುಟ್ಟುವಾಗ ಉಳಿದ ಹೆಂಗಸರ ಬುಟ್ಟಿ ಅರ್ಧ ಖಾಲಿಯಾಗಿರುತ್ತಿತ್ತು. ಸೋಗು ಎಂದು ಗಂಡನ ಮನೆಯವರು ತೀರ್ಮಾನಿಸಿಯಾಗಿತ್ತು. ರಕ್ತ ತೆಗೆಸಿದ ದಿನ ಗಂಡ ಕಿಟ್ಟ ಎಲ್ಲರೆದುರೇ ತವರಿನ ಮಾತೆತ್ತಿ ಹೇಳಿದ್ದ: "ಕಾಗ್ದದಲ್ಲ್ ಸೀಕ್ ಇತ್ತ್ ಅಂದ್ರೆ ಮದ್ದ್ ಮಾಡ್ಸುದ್. ಇಲ್ದಿದ್ರೆ ನೀ ನಿನ್ನ್ ಅಬ್ಬಿ ಮನಿಗ್ ಹೋಪುದ್."

ಈಗ ಅವನು ಬಾಗಿಲಿಗೊರಗಿ ಕೇಳಿದ, "ಜಾಸ್ತಿ ಇದ್ರೆ ಒಳ್ಳೇದೇ ಅಲ್ದಾ ಡಾಕ್ಟ್ರೇ?"

"ಜಾಸ್ತಿ ಇದ್ದವ್ರು ಬಡಕಲಾಗ್ತಾರೆ ಮಾರಾಯ. ಬೆವರ್ತಾರೆ, ಎದೆ ಓಡ್ತದೆ. ಇವಳ ನಾಡಿ ಐವತ್ತೆರಡು."

ಡಾಕ್ಟರು ಅವಳನ್ನು ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ಸ್ನಾಯುವಿಗೆ ಪುಟ್ಟ ಸುತ್ತಿಗೆಯಿಂದ ಬಡಿದರು. ಪಾದ ಚಿಮ್ಮಿತು, ಮರಳುವಾಗ ಮಾತ್ರ ಕೆಸರಲ್ಲಿ ಹೂತದ್ದರ ಹಾಗೆ ನಿಧಾನ. ಇನ್ನೊಮ್ಮೆ ಬಡಿಯಲು ಬಗ್ಗಿದವರು ಅಲ್ಲೇ ನಿಂತರು. ಬಿರಿದ ಹಿಮ್ಮಡಿಯ ಒಂದೊಂದು ಸೀಳಿನಲ್ಲೂ ಕಂದು ಬಣ್ಣ.

"ಇದೆಂತ?"

"ಟಿಂಚರ್. ಕಾಲ್ ಒಡ್ದದ್ದಕ್ಕೆ. ದಿನಾ ಅತ್ತಿ ಹಚ್ಚುದ್," ಅಂದಳು ಗುಲಾಬಿ.

ಡಾಕ್ಟರು ಕಾಗದವನ್ನು ಮೇಜಿನ ಮೇಲೆ ಕವುಚಿ ಹಾಕಿದರು. "ಕುತ್ತಿಗೆಯ ಥೈರಾಯ್ಡ್ ಗ್ರಂಥಿಯ ರಸದಲ್ಲಿ ಅಯೋಡಿನ್ ಇರ್ತದೆ. ನಮ್ಮಲ್ಲಿ ಇರೋ ಈ ಒಂದೇ ಪರೀಕ್ಷೆ ಅಳೆಯೋದು ಅದನ್ನೇ. ಟಿಂಚರಿನಲ್ಲೂ ಅದೇ ಅಯೋಡಿನ್. ಒಡೆದ ಚರ್ಮದಿಂದ ರಕ್ತಕ್ಕೆ ಇಳಿದಿದೆ. ಇಲ್ಲಿ ಬರೆದ ಲೆಕ್ಕ ಟಿಂಚರ್ ಸೀಸೆಯದ್ದು, ಇವಳದ್ದಲ್ಲ. ನಾಡಿ ನಿಧಾನ, ಪಾದ ಮರಳೋದೂ ನಿಧಾನ; ಗ್ರಂಥಿ ಸೋತಿದೆ, ನನಗೆ ಅನುಮಾನ ಇಲ್ಲ. ಮಾತ್ರೆ ಇವತ್ತೇ ಕೊಡ್ತೇನೆ."

"ಕಾಗ್ದದಲ್ಲ್ ಇಲ್ದಿದ್ ಸೀಕಿಗೆ ಮದ್ದಾ?" ಕಿಟ್ಟ ನಕ್ಕ. "ನನ್ನ್ ಅಬ್ಬಿ ಹತ್ರ ಎಂತ ಹೇಳ್ಲಿ? ನೀ ಹಚ್ಚಿದ್ದೇ ತಪ್ಪ್ ಅಂದಾ?"

"ಹಾಗಾದ್ರೆ ಮೂರು ತಿಂಗಳು ಟಿಂಚರಿನ ಒಂದು ಹನಿಯೂ ಮುಟ್ಟಿಸ್ಬೇಡಿ. ಮತ್ತೆ ರಕ್ತ ಕಳಿಸುವ."

"ಮೂರ್ ತಿಂಗ್ಳ್. ಅದೇ ಕಡೇ ಅವ್ಕಾಶ," ಅಂದ ಕಿಟ್ಟ. ದಾರಿಯಲ್ಲಿ ಹಿಂದೆ ತಿರುಗದೆ ಇನ್ನೊಂದು ಮಾತು ಹೇಳಿದ: "ಟಿಂಚರ್ ಸುದ್ದಿ ಅಬ್ಬಿಗೆ ನೀನೇ ಹೇಳ್. ನಂಗ್ ಆತಿಲ್ಲೆ."

ಅತ್ತೆಯ ಹೆಸರು ಬಾಗಿ; ಹಗಲಿಡೀ ಅವಳು ಗುಲಾಬಿಯನ್ನು ಮಾತಾಡಿಸುವವಳಲ್ಲ. ದೀಪ ಹಚ್ಚಿದ ಮೇಲೆ ಮಾತ್ರ ಸೀಸೆ ಹಿಡಿದು ಬಂದು, ಸೊಸೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಊದಿ ಊದಿ ಹಚ್ಚುತ್ತಿದ್ದಳು. ಆ ಮನೆಯಲ್ಲಿ ಗುಲಾಬಿಯನ್ನು ಮೆತ್ತಗೆ ಮುಟ್ಟುವ ಕೈ ಅದೊಂದೇ.

ಆ ರಾತ್ರಿಯೂ ಬಂದು ಕೂತಳು. "ಕಾಲ್ ಚಾಚ್, ಹೆಣ್ಣೇ. ಹೊಸ ಸೀಸಿ ತಂದಿದ್ದೆ."

ಗುಲಾಬಿಯ ಮಾತು ಯಾವತ್ತಿನಂತೆ ತಡವಾಗಿ ಬಂತು. "ಬ್ಯಾಡ, ಅತ್ತಿ."

"ಎಂತಕ್ಕೆ?"

"ಡಾಕ್ಟ್ರ್... ಇದ್ರಿಂದ್ಲೇ ಕಾಗ್ದ..."

"ನನ್ನ್ ಕೈಯಿಂದಾ?" ಬಾಗಿಯ ದನಿ ಏರಲಿಲ್ಲ. "ಸೋಗಿಗೆ ಈಗ ನಾನೇ ಕಾರಣ ಆದ್ನಾ?"

ಜಗಲಿಯಲ್ಲಿದ್ದ ಕಿಟ್ಟ ಕೆಮ್ಮಿದ, ಒಳಗೆ ಬರಲಿಲ್ಲ. ಗುಲಾಬಿ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ಬಿರುಕಿಗೆ ಸೀರೆಯ ನೂಲು ಸಿಕ್ಕಿ ಚುರುಗುಟ್ಟಿತು. ಟಿಂಚರಿನಲ್ಲಿ ಅದ್ದಿದ ಹತ್ತಿ ಹಿಡಿದಿದ್ದ ಕೈಯನ್ನು ಬಾಗಿ ಹಿಂದೆ ತೆಗೆಯದೆ ಹಾಗೇ ಕೂತಿದ್ದಳು. ಸಗಣಿ ಸಾರಿಸಿದ ನೆಲದ ಮೇಲೆ ಕಂದು ಹನಿ ಒಂದಾದ ಮೇಲೊಂದು ಬೀಳುತ್ತಿತ್ತು.